ಹಗೆಯವನಿಗೆ ಮೊದಲ ಕರೆ

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಇನ್ನೂ ತೊಟ್ಟಿಲು ಕಾಣದ ಕಾಲದಲ್ಲಿ, ಸುಳಿಗಲ್ಲು ಅಂತ ಒಂದೂರು ಇತ್ತಂತೆ. ಊರಿನ ಬೆನ್ನಿಗೆ ಬೋಳು ಬೆಟ್ಟ, ಎದುರಿಗೆ ಕಣ್ಣು ಹಾಯುವಷ್ಟೂ ಮರಳು. ಬೆಟ್ಟದ ನಡುವೆ ಒಂದು ಕಣಿವೆ. ಆಷಾಢ ಬಂತೆಂದರೆ ಆ ಕಣಿವೆಯಿಂದ ಗಾಳಿ ಇಳಿಯುತ್ತಿತ್ತು. ಎಂಥ ಗಾಳಿ ಅಂತೀರಿ? ಹಂಚಿನ ಮೇಲಿನ ರೊಟ್ಟಿ ಹಾರಿಸಿ ಪಕ್ಕದ ಮನೆಯವರ ಬುಟ್ಟಿಗೆ ಹಾಕುತ್ತಿತ್ತು ಅಂತಾರೆ. ರೊಟ್ಟಿ ಹೋದರೆ ಹೋಗಲಿ, ಮನೆಯ ಚಾವಣಿಯೇ ಹೋಗುತ್ತಿತ್ತು.

ಆ ಊರಲ್ಲಿ ಒಬ್ಬ ಬಡಿಗೇರ ಇದ್ದ. ಹೆಸರು ಮೌನಪ್ಪ. ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಎದ್ದರೆ ಬೈಗುಳ, ಮಲಗಿದರೆ ಕನಸಿನಲ್ಲಿ ಬೈಗುಳ. ಬೈಯದೆ ಇನ್ನೇನು ಮಾಡಬೇಕಿತ್ತು ಅವನು, ನೀವೇ ಹೇಳಿ. ಪ್ರತಿವರ್ಷ ಚಾವಣಿ ಹಾರುತ್ತಿತ್ತು. ಪ್ರತಿವರ್ಷ ಜನ ಹೊಸ ಹುಲ್ಲು ಹೊದಿಸಿ ಮೇಲೆ ಒಂದಿಷ್ಟು ಕಲ್ಲು ಹೇರುತ್ತಿದ್ದರು. ಮರುವರ್ಷ ಚಾವಣಿಯ ಜೊತೆ ಕಲ್ಲೂ ಹಾರುತ್ತಿತ್ತು.

‘ಗಾಳಿ ಮ್ಯಾಲಿಂದ ಒತ್ತಂಗಿಲ್ರೋ, ಒಳಗ ಹೊಕ್ಕು ಬುಡದಿಂದ ಎತ್ತತೈತಿ! ಹೇರಬ್ಯಾಡ್ರಿ, ಕಟ್ರಿ!’ ಅಂತ ಅವನು ಓಣಿ ಓಣಿ ತಿರುಗಿ ಗಂಟಲು ಹರಿದುಕೊಳ್ಳುತ್ತಿದ್ದ. ಜಂತಿಯನ್ನು ತೊಲೆಗೆ ಕಟ್ಟಿ, ತೊಲೆಯನ್ನು ಕಂಬಕ್ಕೆ ಕಟ್ಟಿ, ಕಂಬವನ್ನು ನೆಲದೊಳಗಿನ ಅಡಿಗಲ್ಲಿಗೆ ಕಟ್ಟಿ ಅನ್ನುತ್ತಿದ್ದ. ತಗ್ಗಿನ ಮನೆಗೆ ಪುಂಡಿನಾರಿನ ಹಗ್ಗ ಒಂದು ಸುತ್ತು ಸಾಕು, ದಿಬ್ಬದ ಮನೆಗೆ ಎರಡು ಸುತ್ತು ಬೇಕು ಅನ್ನುತ್ತಿದ್ದ. ಜನ ಹೂಂ ಅನ್ನುತ್ತಿದ್ದರು. ಹೂಂ ಅಂದು, ಅದೇ ಹಗ್ಗದಲ್ಲಿ ಎಮ್ಮೆ ಕಟ್ಟುತ್ತಿದ್ದರು. ಚಾವಣಿ ಹೋದ ಮರುದಿನ ಕೂತು ಹಗ್ಗ ಹೊಸೆಯುತ್ತಿದ್ದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತಲ್ಲ, ಆ ಪೈಕಿ.

ಒಂದು ಆಷಾಢದಲ್ಲಿ ಮೇಲೋಣಿಯ ಚಾವಣಿಯೊಂದು ಹಾರಿ ಕೆಳಗೋಣಿಯ ಅಂಗಳಕ್ಕೆ ಬಿತ್ತು. ಅಂಗಳದಲ್ಲಿ ಮೌನಪ್ಪನ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. ಅವಳು ಮತ್ತೆ ಏಳಲಿಲ್ಲ. ಮಗಳು ಕಾಳವ್ವ ಇನ್ನೂ ಅಂಬೆಗಾಲಿಡುವ ಕೂಸು. ಅವತ್ತು ಮೌನಪ್ಪ ಬಿದ್ದ ಚಾವಣಿಯಲ್ಲಿ ಹಗ್ಗದ ಗುರುತು ಹುಡುಕಿದನಂತೆ, ಒಂದು ಎಳೆಯೂ ಸಿಗಲಿಲ್ಲ.

ಮರುದಿನ ಅವನು ಹಿರಿಯರ ಮುಂದೆ ನಿಂತು ಒಂದು ಕಟ್ಟಳೆ ಮಾಡಿಸಿದ. ಇನ್ನು ಮೇಲೆ ಹೊಸ ಮನೆ ಒಕ್ಕಲಿನ ದಿನ ಬಂದವರೆಲ್ಲ ಊಟಕ್ಕೆ ಮೊದಲು ತೊಲೆಗೆ ಹೆಗಲು ಕೊಟ್ಟು ಚಾವಣಿ ಎತ್ತಬೇಕು. ಗೋಡೆಗೂ ಚಾವಣಿಗೂ ನಡುವೆ ಬೆಳಕಿನ ಒಂದು ಎಳೆ ಕಂಡರೂ ಊಟದ ಎಲೆ ಹಾಕುವಂತಿಲ್ಲ. ಬಿಗಿದು ಕಟ್ಟಿದ ಮೇಲೆಯೇ ಊಟ. ಪಾಪದ ಮನುಷ್ಯ ಕೇಳಿದ್ದಾನೆ ಅಂತ ಹಿರಿಯರು ಒಪ್ಪಿದರು.

ಒಪ್ಪಿದ್ದೇನೋ ಒಪ್ಪಿದರು. ಆದರೆ ಒಳಗೆ ಹೋಳಿಗೆ ಬೇಯುವ ವಾಸನೆ ಬರುತ್ತಿರುವಾಗ ತೊಲೆ ಎತ್ತುವವರು ಯಾರ್ರೀ? ಮಹಾಶಯರು ಸಾಲಾಗಿ ನಿಂತು ಮುಖ ಕೆಂಪಗೆ ಮಾಡಿಕೊಂಡು ‘ಹೋ ಹೋ’ ಅಂತ ನರಳುತ್ತಿದ್ದರು. ಬಾಯಿ ಎತ್ತುತ್ತಿತ್ತು, ಹೆಗಲು ಮಲಗಿರುತ್ತಿತ್ತು. ‘ಅಗದೀ ಗಟ್ಟಿ ಐತಿ’ ಅಂದು ಎಲೆಯ ಮುಂದೆ ಕೂರುತ್ತಿದ್ದರು. ಆಷಾಢದಲ್ಲಿ ಆ ಗಟ್ಟಿ ಚಾವಣಿ ಮರಳಿನಾಚೆ ಸಿಗುತ್ತಿತ್ತು. ಮೌನಪ್ಪ ತಲೆ ಚಚ್ಚಿಕೊಂಡ. ಒಲೆ ಹೊತ್ತಿಸುವ ಮೊದಲೇ ಎತ್ತಿ ಅಂದ. ಒಂದೆರಡು ಮನೆಯಲ್ಲಿ ಹಾಗೆ ಮಾಡಿದರು, ಆಗಲೂ ಅಷ್ಟೇ. ‘ಬೀಗರ ಮನಿ, ಮೌನಪ್ಪಣ್ಣ, ಹೆಂಗ ಕೀಳೋದು?’ ಅಂತ ಹಲ್ಲು ಕಿರಿಯುತ್ತಿದ್ದರು. ‘ಗಾಳಿ ನಿಮಗ ಬೀಗರೇನಲೇ?’ ಅಂತ ಇವನು ಕೂಗುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಕಡೆಗೆ ತಾನೇ ಹೆಗಲು ಕೊಡತೊಡಗಿದ. ಕುರಿ ದುರುಗಪ್ಪನ ಹೊಸ ಮನೆಯಲ್ಲಿ ಇವನು ಎತ್ತಿದ, ತೊಲೆ ಎದ್ದಿತು, ಬೆಳಕು ಕಂಡಿತು. ಊಟ ನಿಂತಿತು. ಕೊಪ್ಪರಿಗೆ ತುಂಬ ಮಾಡಿದ್ದ ಗೋಧಿ ಹುಗ್ಗಿ ಹಳಸಿ ನಾಯಿಗಳ ಪಾಲಾಯಿತು. ಆ ಮನೆಯ ಚಾವಣಿ ಮುಂದೆ ಎಷ್ಟೋ ಆಷಾಢ ಕಂಡಿತು, ಅದು ಬೇರೆ ಮಾತು. ದುರುಗಪ್ಪ ಮಾತ್ರ ಹುಗ್ಗಿಯನ್ನು ಮರೆಯಲಿಲ್ಲ. ಮೌನಪ್ಪ ಬರುವ ದಾರಿಯಲ್ಲಿ ಅವನು ಕುರಿ ಕೂಡ ಹೊಡೆಯುತ್ತಿರಲಿಲ್ಲವಂತೆ.

ಕಾಳವ್ವ ಬೆಳೆದಳು, ಅದೇ ಊರಿನ ಹುಡುಗನನ್ನು ಮದುವೆಯಾದಳು. ಅಳಿಯ ಮನೆ ಕಟ್ಟಿದ್ದೆಲ್ಲಿ? ದಿಬ್ಬದ ನೆತ್ತಿಯ ಮೇಲೆ! ಬೇಡ ಬೇಡ ಅಂತ ಮೌನಪ್ಪ ಬಡಕೊಂಡ. ಮಾವನ ಬೈಗುಳ ಸಾಕಾಗಿ ಅಳಿಯ ಹಗ್ಗವನ್ನೂ ತಾನೇ ಕಟ್ಟಿದ. ಒಂದು ಮೂಲೆಗೆ ಬರುವ ಹೊತ್ತಿಗೆ ಹಗ್ಗ ಸಾಲಲಿಲ್ಲ. ಅಲ್ಲಿ ಒಂದೇ ಸುತ್ತು ಹಾಕಿ, ಕಾಣದಂತೆ ಮೇಲೆ ಮಣ್ಣು ಮೆತ್ತಿದ.

ಮನೆ ಒಕ್ಕಲಿನ ದಿನ ಕಾಳವ್ವ ತುಂಬು ಬಸುರಿ. ಆಷಾಢ ಹೊಸ್ತಿಲಲ್ಲಿತ್ತು. ಮೌನಪ್ಪ ಒಂದೊಂದೇ ಮೂಲೆಗೆ ಹೆಗಲು ಕೊಡುತ್ತಾ ಕಡೆಯ ಮೂಲೆಗೆ ಬಂದ. ಎದುರಿಗೆ ಮಗಳು ಹೋಳಿಗೆಯ ಬುಟ್ಟಿ ಹಿಡಿದು ನಿಂತು ನಗುತ್ತಿದ್ದಳು. ಥೇಟು ಅವಳ ತಾಯಿಯದೇ ಮುಖ. ಮೌನಪ್ಪ ಹೆಗಲು ಕೊಟ್ಟ. ತಾನು ಎತ್ತುತ್ತಿದ್ದೇನೆ ಅಂತಲೇ ಅವನು ತಿಳಿದ. ಈ ಮುಖ ಬಾಡಿಸುವ ಮನಸ್ಸು ಅವನ ಹೆಗಲಿಗೆ ಇರಲಿಲ್ಲ.

‘ಗಟ್ಟಿ ಐತಿ’ ಅಂದ.

ಜನ ಎಲೆಗೆ ಓಡಿದರು. ಆಗ ಬಾಗಿಲಲ್ಲಿ ದುರುಗಪ್ಪ ನಿಂತಿದ್ದ. ಅವನಿಗೆ ಕರೆ ಇರಲಿಲ್ಲ. ‘ನನ್ನ ಹುಗ್ಗಿ ನಾಯಿಗೆ ಹಾಕ್ಸಿದ್ಯಲ್ಲ ಬಡಿಗ್ಯಾ, ಈಗ ನಂದೊಂದು ಹೆಗಲು ನೋಡು’ ಅಂದವನೇ ಆ ಮೂಲೆಗೆ ನುಗ್ಗಿ ತೊಲೆಗೆ ಹೆಗಲು ಕೊಟ್ಟ. ಎಷ್ಟೋ ವರ್ಷದ ಸಿಟ್ಟೆಲ್ಲ ಆ ಹೆಗಲಲ್ಲಿತ್ತು. ಮೆತ್ತಿದ ಮಣ್ಣು ಉದುರಿತು. ತೊಲೆ ಎದ್ದಿತು. ಹೊರಗಿನ ಬಿಸಿಲು ಸಂದಿಯಿಂದ ಒಳಗೆ ಬಂದು ಕಾಳವ್ವನ ಹೊಟ್ಟೆಯ ಮೇಲೆ ಬಿತ್ತು.

ದುರುಗಪ್ಪನಿಗೆ ಹೊಡೆಯಲು ಹೋದ ಮೌನಪ್ಪ ಆ ಬಿಸಿಲನ್ನು ನೋಡಿ ಕೈ ಇಳಿಸಿದ. ಎಲೆಯ ಮುಂದೆ ಕೂತವರ ಕಡೆ ತಿರುಗಿ ‘ಎಲಿ ಎತ್ರಿ’ ಅಂದ. ಆಮೇಲೆ ಶುರುವಾಯಿತು ನೋಡಿ ಬೈಗುಳ. ಅಳಿಯನಿಗೆ, ಹೋಳಿಗೆಗೆ, ದಿಬ್ಬಕ್ಕೆ, ಎಲ್ಲರಿಗಿಂತ ಹೆಚ್ಚಾಗಿ ತನಗೆ. ಬೈಯುತ್ತಲೇ ಕಟ್ಟಿದ. ಹಸಿದವರೆಲ್ಲ ಅವನಿಗೆ ಶಾಪ ಹಾಕುತ್ತಾ ಹಗ್ಗ ಹಿಡಿದರು. ಹೊತ್ತು ಇಳಿಯುವಾಗ ದುರುಗಪ್ಪ ಮತ್ತೆ ಎತ್ತಿದ. ಕುತ್ತಿಗೆಯ ನರ ಉಬ್ಬುವವರೆಗೆ ಎತ್ತಿದ. ಚಾವಣಿ ಕದಲಲಿಲ್ಲ. ಮೊದಲ ಹೋಳಿಗೆಯನ್ನು ಮೌನಪ್ಪ ಅವನಿಗೇ ಬಡಿಸಿದ. ದುರುಗಪ್ಪ ಮುಖ ಗಂಟು ಹಾಕಿಕೊಂಡೇ ತಿಂದ.

ಆ ಆಷಾಢದ ಗಾಳಿಯಂಥದ್ದು ಹಿಂದೆ ಬಂದಿರಲಿಲ್ಲ, ಮುಂದೆ ಬರಲಿಲ್ಲ ಅಂತಾರೆ. ಆ ಗಾಳಿಯ ನಡುವೆಯೇ ದಿಬ್ಬದ ಮನೆಯಲ್ಲಿ ಕಾಳವ್ವ ಹೆತ್ತಳು. ಕೂಸಿನ ಮೇಲೆ ಒಂದು ಹುಲ್ಲುಕಡ್ಡಿ ಬೀಳಲಿಲ್ಲ.

‘ನೆಂಟರ ಹೆಗಲು ಸುಳ್ಳು ಹೇಳತೈತಿ, ನಂದೂ ಹೇಳ್ತು. ಹಗಿ ಹೆಗಲು ಹೇಳಂಗಿಲ್ಲ’ ಅಂತ ಮೌನಪ್ಪ ಹಿರಿಯರ ಮುಂದೆ ಹೋಗಿ ಕಟ್ಟಳೆಯನ್ನು ತಿದ್ದಿಸಿದ. ಅವನೂ ದುರುಗಪ್ಪನೂ ರಾಜಿಯಾದರೋ ಅಂದರೆ, ಇಲ್ಲ. ಒಮ್ಮೆ ಆಗುವಂತಿತ್ತಂತೆ. ಕಾಳವ್ವ ಅಪ್ಪನ ಕೈ ಹಿಡಿದು ‘ಬ್ಯಾಡ ಯಪ್ಪಾ, ನನ್ನ ಮಗನ ಮನಿ ಇನ್ನೂ ಕಟ್ಟೋದೈತಿ’ ಅಂದಳಂತೆ.

ಇವತ್ತಿಗೂ ಆ ಸೀಮೆಯಲ್ಲಿ ಮನೆ ಒಕ್ಕಲಿನ ಮೊದಲ ಕರೆ ಮಾತು ಬಿಟ್ಟವರ ಮನೆಗೆ ಹೋಗುತ್ತದೆ. ಅವರು ಬರಲೇಬೇಕು, ಬಂದು ಹೊಟ್ಟೆಕಿಚ್ಚಿನಷ್ಟೂ ಎತ್ತಬೇಕು. ಹಗೆ ಇಲ್ಲದ ಸಾಧುಗಳು ಪಕ್ಕದ ಮನೆಯವರ ಹಗೆಯನ್ನು ಎರವಲು ತರುತ್ತಾರೆ. ಬೆಳಕು ಕಂಡರೆ ಎಲೆ ಎತ್ತುತ್ತಾರೆ, ಹಸಿದುಕೊಂಡೇ ಹಗ್ಗ ಬಿಗಿಯುತ್ತಾರೆ, ‘ಎಲ್ಲಿಂದ ಹುಟ್ಟಿದ್ನಪಾ ಆ ಮೌನಪ್ಪ’ ಅಂತ ಬಾಯಿತುಂಬ ಬೈಯುತ್ತಾರೆ. ಅವನಿಗೆ ಅಲ್ಲಿ ಗುಡಿಯಿಲ್ಲ, ಗದ್ದುಗೆಯಿಲ್ಲ. ಚಾವಣಿ ಕದಲದೆ ನಿಂತ ಮೇಲೆ ಮೊದಲ ಹೋಳಿಗೆಯನ್ನು ಹಗೆಯವನಿಗೆ ಬಡಿಸುತ್ತಾರೆ, ಅವನು ತಿನ್ನುವವರೆಗೆ ಉಳಿದವರು ಕಾಯುತ್ತಾರೆ.