ಆಮೇಲೆ ನೋಡು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ನಾಗರಪಂಚಮಿಯ ಮರುದಿನ, ಒಂದು ಮಂಗಳವಾರ.

ಆಗ ನನಗೆ ಹದಿಮೂರು. ಆರನೇ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟಿದ್ದೆ. ಮನೆಯ ಮುಂದಿನ ಬೇವಿನ ಟೊಂಗೆಗೆ ಜೋಕಾಲಿ ಕಟ್ಟಿತ್ತು. ಅದರಲ್ಲಿ ತಂಗಿ ನೀಲವ್ವ ಕೂತಿದ್ದಳು. ಅವ್ವ ಹೊಲಕ್ಕೆ ಹೊರಟವಳು ತಿರುಗಿ, "ತಂಗೀನ ನೋಡ್ಕೊ" ಅಂದಳು.

ಒಂದು ಸಲ ಜೋರಾಗಿ ತೂಗಿ ಬಿಟ್ಟೆ. ಜೋಕಾಲಿ ಮುಂದಕ್ಕೆ ಹೋಯಿತು. ಅದು ತಿರುಗಿ ಬರುವಷ್ಟರಲ್ಲಿ ನಾನು ಓಣಿಯ ತಿರುವು ದಾಟಿದ್ದೆ.

ಆಮೇಲೆ ಇಪ್ಪತ್ತೆರಡು ವರ್ಷ ಒಂದು ಕಡೆ ನಿಂತವನಲ್ಲ. ಲಾರಿ ತೊಳೆದೆ, ಖಾನಾವಳಿಯಲ್ಲಿ ಹಿಟ್ಟು ನಾದಿದೆ, ಕಬ್ಬು ಕಡಿದೆ. ಹಾಗೇ ನಡೆಯುತ್ತ ವರದಾ ನದಿಯ ದಂಡೆಗೆ ಬಂದೆ.

ಅಲ್ಲೊಂದು ಆಶ್ರಮ. ಆಶ್ರಮ ಅಂದರೆ ಎರಡು ಗುಡಿಸಲು, ಒಂದು ಅತ್ತಿಮರ. ಇದ್ದವರೂ ಇಬ್ಬರೇ. ಒಬ್ಬರು ಅಜ್ಜ, ಹಿಂದೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಇನ್ನೊಬ್ಬ ತಿರಕಪ್ಪ, ಅದೇ ನದಿಯಲ್ಲಿ ದೋಣಿ ನಡೆಸಿದವನು. ಲಕ್ವ ಹೊಡೆದು ಹೊರಸು ಹಿಡಿದಿದ್ದ. ಕೈಕಾಲು ಹೋಗಿತ್ತು, ಮಾತು ಹೋಗಿತ್ತು, ಕಣ್ಣು ಮಾತ್ರ ಉಳಿದಿದ್ದವು. ಅವನ ಕೆಲಸವನ್ನೆಲ್ಲ ಅಜ್ಜ ಒಬ್ಬರೇ ಮಾಡುತ್ತಿದ್ದರು. ಏನೇನು ಮಾಡುತ್ತಾರೆ ಎಂದು ನಾನು ಕೇಳಿಯೂ ಇರಲಿಲ್ಲ.

"ನನಗ ಇಂಗ್ಲಿಷ್ ಕಲಸ್ರಿ" ಅಂದೆ.

"ಯಾಕಪಾ?"

"ಇಂಗ್ಲಿಷ್ ಬಂದ್ರ ಎಲ್ಲಿಗೆ ಬೇಕಾದ್ರೂ ಹೋಗಬಹುದ್ರಿ."

"ಈಗೇನು ಹೋಗದ ಕುಂತೀಯೇನು?"

ಆದರೂ ಕಲಿಸಿದರು. ದಿನಾ ಮುಂಜಾನೆ ಪಾಟಿಯ ಮೇಲೆ ಬಳಪದಿಂದ ಇಂಗ್ಲಿಷಿನ ಒಂದು ಸಾಲು ಬರೆಯುವರು. ನಾನು ಓದಿ ಅದರಂತೆ ಮಾಡಬೇಕು. ನೀರು ತಾ ಅಂತಿದ್ದರೆ ನೀರು ತರಬೇಕು. ಕಸ ಹೊಡೆ ಅಂತಿದ್ದರೆ ಹೊಡೆಯಬೇಕು. ತಿಳಿಯದ ಶಬ್ದಕ್ಕೆ ಒಂದು ಹರಕು ಡಿಕ್ಷನರಿ ಇತ್ತು.

ಒಂದು ದಿನ 'ಸಿಟ್ ಡೌನ್' ಅಂತ ಬರೆದರು.

"ಸಿಟ್ ಅಂದ್ರ ಕೂಡು, ಡೌನ್ ಅಂದ್ರ ಕೆಳಗ. ಕೂಡೂದು ಅಂದಮ್ಯಾಲ ಕೆಳಗ ಅಂತ ಯಾಕ ಹೇಳಬೇಕ್ರಿ? ಮ್ಯಾಲ ಯಾರು ಕೂಡ್ತಾರ?"

"ಕಾಗಿ ಕೂಡ್ತಾವ" ಅಂದರು ಅಜ್ಜ. ಆಮೇಲೆ ನಗು ಬಿಟ್ಟು ಹೇಳಿದರು, "ಎರಡು ಶಬ್ದ ಜೋಡಿ ಆದ್ರ ಒಮ್ಮೊಮ್ಮೆ ಮೂರನೇ ಅರ್ಥ ಹುಟ್ಟತೈತಿ. ಡಿಕ್ಷನರಿ ನಂಬಿ ಹೋಗಬ್ಯಾಡ. ತಿಳೀಲಿಲ್ಲಂದ್ರ ನನ್ನ ಕೇಳು."

ಆ ಮಾತು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮುಂದಿನ ವಾರ ಒಂದು ಮುಂಜಾನೆ ನಾನು ಏಳುವುದರೊಳಗೆ ಅಜ್ಜ ತಾಲೂಕಿಗೆ ಹೋಗಿದ್ದರು, ತಿರಕಪ್ಪನ ಔಷಧ ತರಲು. ಪಾಟಿಯ ಮೇಲೆ ಬರೆದಿತ್ತು: 'ಲುಕ್ ಆಫ್ಟರ್ ತಿರಕಪ್ಪ.'

ಡಿಕ್ಷನರಿ ತೆಗೆದೆ. ಲುಕ್ ಅಂದರೆ ನೋಡು. ಆಫ್ಟರ್‌ಗೆ ಎರಡು ಅರ್ಥ ಇದ್ದವು. ಹಿಂದೆ, ಆಮೇಲೆ.

ತಿರಕಪ್ಪನ ಹೊರಸಿನ ಹಿಂದೆ ಹೋಗಿ ನೋಡಿದೆ. ಗೋಡೆ ಇತ್ತು. ಗೋಡೆಗೆ ಅವನ ದೋಣಿಯ ಹಳೆಯ ಹುಟ್ಟು ಆನಿಸಿತ್ತು. ಅಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಹಾಗಾದರೆ ಇನ್ನೊಂದು ಅರ್ಥವೇ ಸರಿ. ತಿರಕಪ್ಪನನ್ನು ಆಮೇಲೆ ನೋಡು.

ಹೊರಗೆ ಹೊರಟಾಗ ತಿರಕಪ್ಪ ಕಣ್ಣು ಹೊರಳಿಸಿ ನೀರಿನ ಕೊಡದ ಕಡೆ ನೋಡಿದ.

"ಆಮ್ಯಾಲ, ತಿರಕಪ್ಪಣ್ಣ" ಅಂದೆ. ಅಜ್ಜ ಬರೆದಿದ್ದಾರಲ್ಲ.

ನದಿಯಲ್ಲಿ ಈಜಿದೆ. ಆಚೆ ದಂಡೆಯ ಊರಲ್ಲಿ ಕುಸ್ತಿ ನಡೆದಿತ್ತು, ಅಲ್ಲೇ ಉಳಿದೆ. ಮರುದಿನ ಮಧ್ಯಾಹ್ನ ತಿರುಗಿ ಬಂದಾಗ ಅಜ್ಜ ನನಗಿಂತ ನಾಲ್ಕು ಹೆಜ್ಜೆ ಮುಂದೆ ಗುಡಿಸಲಿನ ಒಳಗೆ ಹೋಗುತ್ತಿದ್ದರು.

ತಿರಕಪ್ಪನ ತುಟಿ ಒಡೆದಿದ್ದವು. ಹಾಸಿಗೆ ಹೊಲಸಾಗಿತ್ತು. ಕಣ್ಣಿನ ಮೂಲೆಯಲ್ಲಿ ನೊಣ ಕೂತಿದ್ದವು. ರೆಪ್ಪೆ ಬಡಿಯುವ ಶಕ್ತಿಯೂ ಅವನಲ್ಲಿ ಇರಲಿಲ್ಲ.

ಅಜ್ಜ ಪಂಚೆಯ ಚುಂಗು ನೀರಲ್ಲಿ ಅದ್ದಿ ಅವನ ತುಟಿಗೆ ಹಿಡಿದರು. ತುಟಿ ಒರೆಸುತ್ತಲೇ ಕೇಳಿದರು, "ಪಾಟಿ ಓದಿದ್ಯಾ?"

"ಓದಿದೆನ್ರಿ. ತಿರಕಪ್ಪನ್ನ ಆಮ್ಯಾಲ ನೋಡು ಅಂತ ಇತ್ತು."

ಅಜ್ಜನ ಕೈ ನಿಂತಿತು.

"ನಂದೂ ತಪ್ಪೈತಿ" ಅಂದರು. "ಜೀವದ ಮಾತು ಕನ್ನಡದಾಗ ಬರೀಬೇಕಿತ್ತು."

ಎದ್ದು ಪಾಟಿ ಒರೆಸಿದರು. ಅದನ್ನು ನೀರಿನ ಕೊಡದ ಬಾಯಿಗೆ ಮುಚ್ಚಿದರು. ಆಮೇಲೆ ಅದರ ಮೇಲೆ ಎಂದೂ ಬರೆಯಲಿಲ್ಲ.

"ಹಂಗಾರ ಅದರ ಅರ್ಥ ಏನ್ರಿ?"

"ನೀರು ಕುಡಸು."

ಕುಡಿಸಿದೆ. ಮರುದಿನ ಮತ್ತೆ ಕೇಳಿದೆ.

"ಮೈ ತೊಳಿ" ಅಂದರು.

"ನಿನ್ನೆ ಬ್ಯಾರೆ ಹೇಳಿದ್ರಿ."

"ಒಂದು ಮಾತಿಗೆ ಒಂದ ಅರ್ಥ ಅಂತ ಯಾರು ಹೇಳ್ಯಾರ ನಿನಗ?"

ಮೂರನೆಯ ದಿನ, "ಮಗ್ಗಲ ಹೊರಳಸು." ಹೊರಳಿಸಿದಾಗ ಬೆನ್ನಿನ ಹುಣ್ಣು ಕಂಡವು. ನಾನು ಮುಖ ತಿರುಗಿಸಿದೆ. "ಅದನ್ನೂ ನೋಡು" ಅಂದರು. ಆಮೇಲೆ ಒಂದೊಂದು ದಿನ ಒಂದೊಂದು. ಗಂಜಿ ಆರಿಸು. ನೊಣ ಓಡಿಸು. ಉಗುರು ತೆಗಿ. ದಿನಕ್ಕೆ ಹತ್ತು ಸಲ ಆ ಪಾಟಿ ಎತ್ತಿ ನೀರು ತುಂಬಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಎಲ್ಲ ಕೆಲಸ ಮುಗಿದಿತ್ತು. "ಇವತ್ತಿನ ಅರ್ಥ ಏನ್ರಿ?"

"ಸುಮ್ನ ಅವನ ಬಾಜೂಕ ಕೂಡು."

"ಅದೂ ಒಂದು ಅರ್ಥ ಏನ್ರಿ?"

"ನಿನಗ ಬರಲಾರದ ಅರ್ಥ."

ಹಟಕ್ಕೆ ಬಿದ್ದು ಕೂತೆ. ಕಾಲು ಎದ್ದು ಹೋಗೋಣ ಅನ್ನುತ್ತಿದ್ದವು. ಬಾಯಿಗಾದರೂ ಕೆಲಸ ಇರಲಿ ಅಂತ ತಿರಕಪ್ಪನಿಗೆ ಜೋಕಾಲಿಯ ಕಥೆ ಹೇಳಿದೆ. ಯಾರಿಗೂ ಹೇಳಿದ್ದಿಲ್ಲ. "ಇನ್ನೊಮ್ಮೆ ತೂಗು ಅಂತ ಅಂದಿರಬೇಕು ಅಕಿ" ಅಂದೆ. ತಿರಕಪ್ಪ ಕಣ್ಣು ಕದಲಿಸದೆ ನನ್ನನ್ನೇ ನೋಡುತ್ತಿದ್ದ. ಬಾಗಿಲಲ್ಲಿ ಅಜ್ಜ ಕಟ್ಟಿಗೆ ಹೊರೆ ಹೊತ್ತು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಹೊರೆ ಇಳಿಸಲು ಒಲೆಯ ಕಡೆ ಹೋದರು.

ಹುಣ್ಣು ಮಾಯ್ದವು. ಆದರೂ ತಿರಕಪ್ಪ ದೀಪಾವಳಿ ಕಾಣಲಿಲ್ಲ. ಒಂದು ಮುಂಜಾನೆ ಮಗ್ಗಲು ಹೊರಳಿಸುತ್ತಿದ್ದೆ. ತೋಳಿನಲ್ಲಿ ಅವನ ಮೈ ಒಮ್ಮೆಲೇ ಭಾರವಾಯಿತು.

ಮಣ್ಣು ಮಾಡಿ ಬಂದು ನದಿಯಲ್ಲಿ ಮುಳುಗಿ ಎದ್ದೆವು. ದಂಡೆಯ ಮೆಟ್ಟಿಲ ಮೇಲೆ ಕೂತು ಕೇಳಿದೆ, "ಅವತ್ತು ನಾ ಬಿಟ್ಟು ಹೋಗಿದ್ದಕ್ಕ ಹಿಂಗಾತೇನ್ರಿ?"

"ಗೊತ್ತಿಲ್ಲ."

"ಇಲ್ಲ ಅಂತರ ಹೇಳ್ರಿ, ಅಜ್ಜಾರ."

"ಗೊತ್ತಿಲ್ಲ ಅಂದೆನಲ್ಲ."

ಮೂರನೆಯ ದಿನ ಖಾಲಿ ಹೊರಸನ್ನು ಬಿಸಿಲಿಗೆ ಹಾಕಿದೆ. ಹುಟ್ಟನ್ನು ಒರೆಸಿ ಮತ್ತೆ ಗೋಡೆಗೆ ಆನಿಸಿದೆ. ನನ್ನ ಚೀಲ ತೆಗೆದೆ. ಒಂದು ಅಂಗಿ, ಒಂದು ಪಂಚೆ, ಒಂದು ತಂಬಿಗೆ. ಡಿಕ್ಷನರಿಯನ್ನು ಚೀಲಕ್ಕೆ ಹಾಕಿದೆ, ಮತ್ತೆ ಹೊರಗಿಟ್ಟೆ.

ಅಜ್ಜ ಬುತ್ತಿ ತಂದು ಪಕ್ಕದಲ್ಲಿಟ್ಟರು. "ಯಾವ ಕಡೆ?"

"ಇನ್ನೂ ಗೊತ್ತಿಲ್ರಿ."

ಚೀಲದ ಬಾಯಿ ಕಟ್ಟುತ್ತ ಕೇಳಿದೆ, "ಒಂದು ಉಳದೈತ್ರಿ. ಕುಡಸೂದು, ತೊಳಿಯೂದು, ಕೂಡೂದು ಎಲ್ಲಾ ಆ ನೋಡೂದರಾಗ ಬಂತು. ಮತ್ತ ಆಫ್ಟರ್ ಯಾಕ ಬೇಕಾತು? ಹಿಂದ ಅನ್ನೂದು ಅದರಾಗ ಎಲ್ಲೈತಿ?"

ಅಜ್ಜ ಕೊಡದ ಮೇಲಿನ ಪಾಟಿ ಎತ್ತಿ ನನ್ನ ತಂಬಿಗೆಗೆ ನೀರು ತುಂಬಿದರು. ಪಾಟಿಯನ್ನು ಮತ್ತೆ ಮುಚ್ಚಿದರು. ತಂಬಿಗೆ ನನ್ನ ಕೈಗೆ ಕೊಟ್ಟು ಕೇಳಿದರು:

"ಜೋಕಾಲಿ ತಿರುಗಿ ಬಂದಾಗ ಹಿಂದ ಯಾರಿದ್ರು?"