ಪಾದ್ರಿಯ ತಪ್ಪು ತಾಳ

“ಗುರುಗಳೇ, ನಾಳೆ ನನ್ನ ತಂದೆಯ ನೆನಪಿಗೆ ಊರಿನವರು ಸೇರುತ್ತಾರೆ. ಮಗನಾಗಿ ನಾಲ್ಕು ಒಳ್ಳೆಯ ಮಾತು ಹೇಳು ಅನ್ನುತ್ತಾರೆ. ನನಗೆ ನೆನಪಾಗುವುದೆಲ್ಲ ಅವರ ತಪ್ಪುಗಳೇ. ಸುಳ್ಳು ಹೇಳಲೇ, ಸುಮ್ಮನಿರಲೇ?” ಎಂದು ಶಿಷ್ಯ ಕೇಳಿದ.

ಗುರು ಸಮಾಧಾನ ಹೇಳಲು ಹೋಗಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾದ್ರಿ ಇದ್ದ. ಅವನ ಪ್ರಸಂಗಗಳು ಸಾಧಾರಣ. ಕೇಳಿದವರು ಮನೆ ಮುಟ್ಟುವಷ್ಟರಲ್ಲಿ ಮರೆಯುತ್ತಿದ್ದರು. ಆದರೆ ಯಾರು ಹಾಸಿಗೆ ಹಿಡಿದರೂ ಅವರ ಪಕ್ಕದಲ್ಲಿ ಅವನು ಕೂತಿರುತ್ತಿದ್ದ, ಮತ್ತು ಅಲ್ಲಿ ಪ್ರಸಂಗ ಮಾಡುತ್ತಿರಲಿಲ್ಲ. ಜನ ಅವನನ್ನು ಪ್ರೀತಿಸಲು ಬಹುಶಃ ಇಷ್ಟೇ ಕಾರಣ. ಅವನ ಹೆಂಡತಿ ಆಸ್ಪತ್ರೆಯಲ್ಲಿ ದಾದಿ. ಅವಳು ಕೆಲಸಕ್ಕೆ ಹೋದ ದಿನ ಅವನೇ ಒಲೆ ಹಚ್ಚುತ್ತಿದ್ದ, ಮಗಳ ಜಡೆ ಹೆಣೆಯುತ್ತಿದ್ದ. ಜಡೆ ಒಂದು ಕಡೆಗೆ ವಾಲಿರುತ್ತಿತ್ತು. ಮಗಳು ಹಾಗೆಯೇ ಶಾಲೆಗೆ ಹೋಗುತ್ತಿದ್ದಳು.

ಅವನಲ್ಲಿ ಎಲ್ಲರಿಗೂ ಕಾಣುವ ದೋಷವೊಂದಿತ್ತು. ಚರ್ಚಿನಲ್ಲಿ ಹಾಡನ್ನು ಅವನೇ ಎತ್ತಿಕೊಡುತ್ತಿದ್ದ, ಮತ್ತು ತಪ್ಪಾಗಿ ಎತ್ತಿಕೊಡುತ್ತಿದ್ದ. ಭಾನುವಾರದ ಆರಾಧನೆ ಮುಗಿಯುವಾಗ ಹಾಡುವ ಕೀರ್ತನೆಯಲ್ಲಿ, ಕೊನೆಯ ಸಾಲಿಗೆ ಮುಂಚೆ ಅವನು ಸುಮ್ಮನೆ ನಿಂತುಬಿಡುತ್ತಿದ್ದ. ಪುಸ್ತಕದಲ್ಲಿ ಅಲ್ಲಿ ವಿರಾಮವಿಲ್ಲ. ಅವನು ನಿಂತನೆಂದು ಜನರೂ ನಿಲ್ಲುತ್ತಿದ್ದರು. ಹಾಡಿನ ಪುಸ್ತಕವನ್ನು ಎದೆಗೊತ್ತಿಕೊಂಡು, ಅದರ ಬೆನ್ನ ಮೇಲೆ ಕೈಯಿಂದ ಮೆಲ್ಲಗೆ ತಟ್ಟುತ್ತಿದ್ದರು. ಆಮೇಲೆ ಕೊನೆಯ ಸಾಲು. ಅದು ಎತ್ತರದ ಸ್ವರದಲ್ಲಿ, ಗಟ್ಟಿಯಾಗಿ ಹಾಡಬೇಕಾದ ಸಾಲು. ಅದನ್ನು ಅವರು ಗುಟ್ಟು ಹೇಳುವವರಂತೆ ಹಾಡಿ ಮುಗಿಸುತ್ತಿದ್ದರು. ಚಿಕ್ಕವರು ದೊಡ್ಡವರನ್ನು ನೋಡಿ ಕಲಿತರು. ಯಾಕೆ ಎಂದು ಯಾರೂ ಕೇಳಲಿಲ್ಲ. ಚರ್ಚಿನಲ್ಲಿ ನಡೆಯುವ ಎಷ್ಟೋ ಸಂಗತಿಗಳನ್ನು ಯಾರೂ ಕೇಳುವುದಿಲ್ಲ.

ಪಕ್ಕದ ಊರಿನವರು, “ಇವರು ಹಾಡಿನ ಮಧ್ಯೆ ಊಟ ಮುಗಿಸಿ ಬರುತ್ತಾರೆ” ಎಂದು ನಗುತ್ತಿದ್ದರು. ಪಾದ್ರಿಯೂ ಅವರ ಜೊತೆ ನಗುತ್ತಿದ್ದ. ಅವನ ಮಗನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮಗ ಪಟ್ಟಣದಲ್ಲಿ ಸಂಗೀತ ಕಲಿತವನು, ಅಲ್ಲೇ ಕಲಿಸುವವನು. “ಅಪ್ಪಾ, ಒಮ್ಮೆಯಾದರೂ ತಿದ್ದಿಕೊಳ್ಳಿ” ಎಂದು ಬೇಡಿಕೊಂಡಿದ್ದ. ಪಾದ್ರಿ “ಆಗಲಪ್ಪ” ಎನ್ನುತ್ತಿದ್ದ. ಮುಂದಿನ ಭಾನುವಾರ ಮತ್ತೆ ಅಲ್ಲೇ ನಿಲ್ಲುತ್ತಿದ್ದ.

ಪಾದ್ರಿ ತೀರಿಕೊಂಡ. ಅವನ ನೆನಪಿನ ಆರಾಧನೆಗೆ ಬಿಷಪ್ ಬರುವುದಾಯಿತು, ಪಕ್ಕದ ಊರುಗಳ ಚರ್ಚಿನವರೂ ಬರುವುದಾಯಿತು. ನಗುವವರೆಲ್ಲ ಒಂದೇ ಸೂರಿನಡಿ ಸೇರುತ್ತಾರೆಂದು ಮಗನಿಗೆ ಹೊಳೆಯಿತು. ಅಂದಾದರೂ ಅಪ್ಪನ ಹೆಸರಿಗೆ ಯಾರೂ ನಗಬಾರದು ಎಂದು ಅವನು ನಿಶ್ಚಯಿಸಿದ. ಊರಿಗೆ ಬಂದು, ಸಂಜೆ ಸಂಜೆ ಜನರನ್ನು ಚರ್ಚಿನಲ್ಲಿ ಕೂಡಿಸಿ ಹಾಡನ್ನು ತಿದ್ದತೊಡಗಿದ. “ನಿಲ್ಲಬೇಡಿ, ಮುಂದಕ್ಕೆ! ಗಟ್ಟಿಯಾಗಿ!” ಎಂದು ಕೂಗಿ ಕೂಗಿ ಅವನ ಗಂಟಲು ಕಟ್ಟಿತು. ಸತ್ತವನ ಮೇಲಿನ ಪ್ರೀತಿಗೆ ಜನ ಬದುಕಿರುವವನ ಕಾಟ ಸಹಿಸಿಕೊಂಡರು. ಕಷ್ಟಪಟ್ಟು ಕಲಿತರು.

ಆರಾಧನೆಯ ಹಿಂದಿನ ದಿನ ಅವನ ಅಕ್ಕ ಗಂಡನ ಊರಿನಿಂದ ಬಂದಳು. ಹಿಂದಿನ ಬೆಂಚಿನಲ್ಲಿ ಕೂತು ಅಭ್ಯಾಸ ನೋಡಿದಳು. ಜನ ಹೋದ ಮೇಲೆ ತಮ್ಮ ಅವಳ ಹತ್ತಿರ ದೂರಿಕೊಂಡ.

“ಬಾಯಿ ತಿದ್ದಿದೆ ಅಕ್ಕ, ಕೈ ತಿದ್ದಲಿಕ್ಕಾಗಲಿಲ್ಲ. ಇನ್ನೂ ಪುಸ್ತಕ ತಟ್ಟುತ್ತಾರೆ. ಈ ದರಿದ್ರ ತಾಳ ಯಾರು ಕಲಿಸಿದರೋ!”

“ತಾಳ ಅಲ್ಲವೋ ಅದು. ನಿನ್ನ ಬೆನ್ನು.”

ತಮ್ಮನಿಗೆ ಅರ್ಥವಾಗಲಿಲ್ಲ.

“ಅಮ್ಮನಿಗೆ ಭಾನುವಾರವೂ ಆಸ್ಪತ್ರೆ ಇರುತ್ತಿತ್ತಲ್ಲ” ಎಂದಳು ಅಕ್ಕ. “ನೀನು ಕೂಸು. ಅಪ್ಪ ನಿನ್ನನ್ನು ಹೆಗಲಿಗೆ ಹಾಕಿಕೊಂಡೇ ಆರಾಧನೆ ನಡೆಸುತ್ತಿದ್ದರು. ನೀನೋ ಮಹಾ ಹಟಮಾರಿ. ಪ್ರಸಂಗಕ್ಕೆ ಊರೆಲ್ಲ ಮಲಗಿದರೂ ನೀನು ಮಲಗುತ್ತಿರಲಿಲ್ಲ. ಈ ಹಾಡಿಗೆ ಮಾತ್ರ ಕಣ್ಣು ಮುಚ್ಚುತ್ತಿದ್ದೆ. ಕೊನೆಯ ಸಾಲನ್ನು ಗಟ್ಟಿಯಾಗಿ ಹಾಡಿದರೆ ಬೆಚ್ಚಿ ಎದ್ದು ಅಳುತ್ತಿದ್ದೆ. ಅದಕ್ಕೇ ನಿನಗೆ ಪೂರ್ತಿ ನಿದ್ದೆ ಹತ್ತುವವರೆಗೆ ಅಪ್ಪ ನಿಂತು ಬೆನ್ನು ತಟ್ಟುತ್ತಿದ್ದರು. ಸಭೆಯವರೂ ಕಾಯುತ್ತಿದ್ದರು. ಅವರ ಕೈಯೂ ತಟ್ಟುತ್ತಿತ್ತು. ನೀನು ಬೆಳೆದೆ. ಅದು ನಿಲ್ಲಲಿಲ್ಲ.”

“ನನಗೆ ಇದನ್ನು ಯಾರೂ ಹೇಳಲೇ ಇಲ್ಲವಲ್ಲ!”

“ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಾಗುವುದಾದರೂ ಹೇಗೆ? ನೀನು ಮಲಗಿರುತ್ತಿದ್ದೆಯಲ್ಲ.”

ಮರುದಿನ ಚರ್ಚು ತುಂಬಿತ್ತು. ಭಾಷಣಗಳಾದವು. ಪಾದ್ರಿ ಎಂದೂ ಮಾಡದ ಕೆಲವು ಪವಾಡಗಳನ್ನೂ ಅವನ ಹೆಸರಿಗೆ ಬರೆದರು. ಕೊನೆಗೆ ಹಾಡು ಬಂತು. ಮಗ ಮುಂದೆ ನಿಂತು ಕೈಯಾಡಿಸಿ ಹಾಡಿಸಿದ. ಜನ ಕಲಿಸಿದಂತೆಯೇ ಹಾಡಿದರು. ಕೊನೆಯ ಸಾಲಿಗೆ ಮಗ ಎತ್ತಿದ ಕೈ ಇಳಿಯಲಿಲ್ಲ. ಅವನು ನಿಂತುಬಿಟ್ಟ.

ನಿಲ್ಲಬಾರದೆಂದು ಅಷ್ಟು ಕಷ್ಟಪಟ್ಟು ಕಲಿತ ಜನ ಏನು ಮಾಡಬೇಕು? ಅರ್ಧ ಮಂದಿ ಮುಂದಕ್ಕೆ ಹೋದರು, ಅರ್ಧ ಮಂದಿ ನಿಂತರು. ಆ ಚರ್ಚು ಅಂಥ ಕೆಟ್ಟ ಹಾಡನ್ನು ಹಿಂದೆ ಕೇಳಿರಲಿಲ್ಲ. ಬಿಷಪ್ ತಲೆಯೆತ್ತಿ ನೋಡಿದರು. ಪಕ್ಕದ ಊರಿನವರು ನಕ್ಕರು.

ಆಮೇಲೆ ಜನ ಮಗನ ಕೈ ನೋಡಿದರು. ಅದು ಈಗ ಇಳಿದು ಅವನ ಎದೆಗೊತ್ತಿದ ಪುಸ್ತಕದ ಮೇಲಿತ್ತು, ಮೆಲ್ಲಗೆ ತಟ್ಟುತ್ತಿತ್ತು. ಎಲ್ಲರೂ ನಿಂತರು. ಎಲ್ಲರ ಕೈಯೂ ತಟ್ಟತೊಡಗಿತು. ಪಕ್ಕದ ಊರಿನವರು ಏನೆಂದು ತಿಳಿಯದೆ ತಾವೂ ತಟ್ಟಿದರು. ಆಗಿನಿಂದ ಅಳುತ್ತಿದ್ದ ಯಾವುದೋ ಮಗು ಸುಮ್ಮನಾಯಿತು. ಹಾಡಿನ ಮಹಿಮೆ ಎನ್ನುವಂತಿಲ್ಲ. ಮಕ್ಕಳು ಎಂದಾದರೂ ಅಳು ನಿಲ್ಲಿಸಲೇಬೇಕು. ಆದರೆ ಕೊನೆಯ ಸಾಲನ್ನು ಅಂದು ಬಿಷಪ್ ಸಮೇತ ಎಲ್ಲರೂ ಆ ಮಗು ಬೆಚ್ಚದಂತೆ ಹಾಡಿದರು. ಆ ಊರಿನಲ್ಲಿ ಈಗಲೂ ಹಾಗೆಯೇ ಹಾಡುತ್ತಾರೆ. ಕಲಿಸುವವನು ಮಗ.

ಗುರು ಕತೆ ನಿಲ್ಲಿಸಿದರು.

“ಕತೆ ಚೆನ್ನಾಗಿದೆ” ಎಂದ ಶಿಷ್ಯ. “ಆದರೆ ನನ್ನ ತಂದೆ ಪಾದ್ರಿಯಲ್ಲ. ಅವರು ಹಾಡಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ.”

“ಇರಬಹುದು. ನೀನು ಮಲಗಿದ ಮೇಲೆ ಅವರು ಏನು ಮಾಡುತ್ತಿದ್ದರೆಂದು ಯಾರನ್ನಾದರೂ ಕೇಳಿದ್ದೀಯಾ?”