ಹತ್ತನೆಯವನ ಬಾಗಿಲು

ಅಳಿವೆಕೊಪ್ಪದ ತೆಂಕಣ ತುದಿಯಲ್ಲಿ, ಹೊಳೆ ಕಡಲನ್ನು ಸೇರುವಲ್ಲಿ, ಒಂದು ಕೆಂಪು ಮುರಕಲ್ಲಿನ ಗುಡ್ಡವಿದೆ. ಅದರ ನೆತ್ತಿಯ ಮೇಲೆ ಉದ್ದನೆಯ ಹೆಂಚಿನ ಮಾಡು ಹೊತ್ತ ಒಂದೇ ಒಂದು ಕಟ್ಟಡ. ಮಿನಾರವಿಲ್ಲ, ಗಂಟೆಯ ಗೋಪುರವಿಲ್ಲ. ದೂರದಿಂದ ನೋಡಿದವರು ಹಳೆಯ ಉಗ್ರಾಣವಿರಬೇಕೆಂದು ಮುಂದೆ ಹೋಗಿಬಿಡುತ್ತಾರೆ. ಹತ್ತಿರ ಬಂದವರಿಗೆ ಮಾತ್ರ ತಿಳಿಯುತ್ತದೆ, ಆ ಒಂದೇ ಮಾಡಿನ ಕೆಳಗೆ ಮೂರು ದೇವರಮನೆಗಳಿವೆ ಎಂದು: ತೆಂಕಣ ಕೋಣೆ ಮುಸಲ್ಮಾನರ ಮಸೀದಿ, ಬಡಗಣದ್ದು ಕ್ರೈಸ್ತರ ಇಗರ್ಜಿ, ನಡುವಿನದು ಯೆಹೂದಿಗಳದು. ಮಸೀದಿಯ ಗೂಡೂ ಯೆಹೂದಿಗಳು ಧರ್ಮಗ್ರಂಥದ ಸುರುಳಿ ಇಡುತ್ತಿದ್ದ ಗೂಡೂ ಪಡುವಣ ಗೋಡೆಯಲ್ಲಿ ಕಡಲಿಗೆ ಮುಖಮಾಡಿದರೆ, ಕ್ರೈಸ್ತರ ಪೀಠ ಮೂಡಣ ಗೋಡೆಗೆ ಒರಗಿ ಸೂರ್ಯೋದಯವನ್ನು ನೋಡುತ್ತದೆ. ಈ ಜಾಗಕ್ಕೆ ಹತ್ತನೆಯವನ ಬಾಗಿಲು ಎಂದು ಹೆಸರು. ಬಸ್ಸಿನ ಕಂಡಕ್ಟರು ಹಾಗೆಯೇ ಕೂಗುತ್ತಾನೆ. ಇಳಿದವರು ಉಳಿದ ಒಂಬತ್ತು ಬಾಗಿಲು ಎಲ್ಲಿ ಎಂದು ಹುಡುಕುತ್ತ ಕಟ್ಟಡವನ್ನು ಸುತ್ತುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಕಿಟಕಿಗಳನ್ನೂ ಸೇರಿಸಿ ಹೇಗೋ ಹತ್ತು ಮಾಡಿಕೊಂಡು ಸಮಾಧಾನಪಟ್ಟವರೂ ಇದ್ದಾರೆ. ಈ ಊರಿನ ಶಾಲೆಯಲ್ಲಿ ತಲೆ ನೆರೆಸಿಕೊಂಡ ನಾನು ಅವರನ್ನೆಲ್ಲ ಕೂರಿಸಿಕೊಂಡು ಹೇಳುವ ಕಥೆ ಇದು.

ಹಿಂದೆ ಒಮ್ಮೆ ಇದು ಮೆಣಸಿನ ಬಂದರಾಗಿತ್ತು. ಆಗ ಮೂವರು ಪಾಲುಗಾರರು ಸೇರಿ ಒಂದು ಹಡಗು ಇಟ್ಟುಕೊಂಡಿದ್ದರು ಎನ್ನುತ್ತಾರೆ. ಹಡಗು ನಡೆಸುವವನು ನಾಖುದಾ ಇದ್ರೂಸ್, ಮುಸಲ್ಮಾನ. ಮೆಣಸು ಕೊಳ್ಳುವವನು ಈಪನ್, ಮಲೆಯಾಳದ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತ. ದೂರದ ಪೇಟೆಗಳಲ್ಲಿ ಅದನ್ನು ಮಾರುವವನು ಬರೂಖ, ಯೆಹೂದಿ. ಒಬ್ಬರ ಮನೆಯ ಮದುವೆಗೆ ಇನ್ನಿಬ್ಬರು ಓಡಾಡುವಷ್ಟು ಹೊಂದಾಣಿಕೆ ಅವರಲ್ಲಿತ್ತು. ಮೂವರೂ ತಮ್ಮ ತಮ್ಮವರಿಗಾಗಿ ಪ್ರಾರ್ಥನೆಯ ಜಾಗ ಬೇಡಿದಾಗ ಸೀಮೆಯನ್ನಾಳುತ್ತಿದ್ದ ಹೆಗ್ಗಡತಿ ಈ ಗುಡ್ಡವನ್ನು ತೋರಿಸಿದಳು. ಮಳೆಗಾಲದಲ್ಲಿ ನೀರು ಏರದ ನೆಲ ಇಲ್ಲಿ ಇದೊಂದೇ. ಮೂರು ಕಟ್ಟಡಕ್ಕೆ ಜಾಗ ಸಾಲದು. ಹಾಗಾಗಿ ಮುರಿಯಲಿದ್ದ ತಮ್ಮ ಹಳೆಯ ಹಡಗಿನ ಹಾಯಿಕಂಬವನ್ನೇ ತಂದು ಉದ್ದಕ್ಕೆ ಮಲಗಿಸಿ, ಅದರ ಮೇಲೆ ಒಂದೇ ಮಾಡು ಇಳಿಸಿದರು. ಅಷ್ಟರ ಮಟ್ಟಿಗೆ ಎಲ್ಲವೂ ಚೆನ್ನ. ಆದರೆ ದೇವರ ವಿಷಯ ಬಂದಾಗ ಸ್ನೇಹಿತರಿಗೂ ಒಳಗೊಳಗೇ ಅಳುಕು. ಒಬ್ಬರ ಪ್ರಾರ್ಥನೆಗೆ ಇನ್ನೊಬ್ಬರ ಪ್ರಾರ್ಥನೆ ತಾಗಬಾರದೆಂದು ನಡುವೆ ಮೊಳದಗಲದ ಎರಡು ಗೋಡೆಗಳನ್ನು ಮಾಡಿನವರೆಗೂ ಎಬ್ಬಿಸಿದರು. ಒಬ್ಬರ ಬಾಗಿಲು ತೆಂಕಣಕ್ಕೆ, ಒಬ್ಬರದು ಬಡಗಣಕ್ಕೆ, ನಡುವಿನವರದು ಮೂಡಣದ ಹೊಳೆಯ ಕಡೆಗೆ. ಗುಡ್ಡ ಹತ್ತುವ ಮೆಟ್ಟಿಲುಗಳೂ ಬೇರೆ ಬೇರೆ. ಆ ಗೋಡೆಗಳಿಗೆ ಎಂದೆಂದಿಗೂ ಒಂದು ಬೆರಳು ತೂರುವಷ್ಟು ತೂತನ್ನೂ ಕೊರೆಯುವುದಿಲ್ಲವೆಂದು ಹೆಗ್ಗಡತಿಯ ಮುಂದೆ ಮೂರೂ ಕಡೆಯವರು ಆಣೆ ಇಟ್ಟರು. ವ್ಯಾಪಾರಕ್ಕೆ ಒಟ್ಟಿಗೆ ಕೂರುವವರು ದೇವರ ಮುಂದೆ ಬೆನ್ನು ತಿರುಗಿಸಿ ಕೂತ ಬಗೆ ಇದು. ನನಗಂತೂ ಇದನ್ನು ಹೇಳುವಾಗಲೆಲ್ಲ ನಗು ಬರುತ್ತದೆ.

ಒಂದು ವರ್ಷ ಮಳೆಗಾಲದ ಹೊಸ್ತಿಲಲ್ಲಿ ಇದ್ರೂಸನ ಹಡಗು ಮರಳಿ ಬರುವಾಗ ಬಿರುಗಾಳಿಗೆ ಸಿಕ್ಕಿತು. ಹಡಗು ಉಳಿಯಿತು, ಅದರಲ್ಲಿದ್ದ ಬರೂಖನ ಒಬ್ಬನೇ ಮಗ ನತಾನ ಉಳಿಯಲಿಲ್ಲ. ಅಲೆ ಅವನನ್ನು ಹೊತ್ತುಕೊಂಡು ಹೋಯಿತು. ಸುದ್ದಿ ಕೇಳಿದ ಬರೂಖ ಹಾಸಿಗೆ ಹಿಡಿದ. ಯೆಹೂದಿಗಳಲ್ಲಿ ಸತ್ತವರಿಗಾಗಿ ಹತ್ತಿರದವರು ಹೇಳುವ ಒಂದು ಪ್ರಾರ್ಥನೆಯುಂಟು. ಅದನ್ನು ಒಬ್ಬನೇ ಕೂತು ಹೇಳುವಂತಿಲ್ಲ. ಅವರ ಮತದ ಹತ್ತು ಮಂದಿ ಗಂಡಸರು ಸೇರಿರಬೇಕು. ಅಳಿವೆಕೊಪ್ಪದಲ್ಲಿ ಆಗ ಇದ್ದವರು ಸರಿಯಾಗಿ ಹತ್ತೇ ಮಂದಿ. ಆ ಹತ್ತರಲ್ಲಿ ನತಾನನೂ ಒಬ್ಬನಾಗಿದ್ದ. ಯಾರಿಗಾಗಿ ಪ್ರಾರ್ಥನೆ ಹೇಳಬೇಕೋ ಅವನೇ ಇಲ್ಲದೆ ಲೆಕ್ಕ ಒಂಬತ್ತಕ್ಕೆ ನಿಂತುಬಿಟ್ಟಿತು. ಈಪನ್ ಬಂದು, ತಮ್ಮ ಕಡೆಯ ಯಾರನ್ನಾದರೂ ಸೇರಿಸಿಕೊಳ್ಳಬಾರದೇ ಎಂದು ಕೇಳಿದ. ಬರೂಖ ಅವನ ಕೈ ಹಿಡಿದುಕೊಂಡು, "ನೀವು ನಂಗೆ ಒಡಹುಟ್ಟಿದವ್ರಿಗಿಂತ ಹೆಚ್ಚು, ಈಪನ್. ಆದ್ರೆ ಇದು ನನ್ನ ಮನೆಯ ಊಟದ ಪಂಕ್ತಿ ಅಲ್ಲ, ನಾನೇ ಎಳೆದು ಕೂರ್ಸೂಕೆ," ಎಂದನಂತೆ. ಮಗನಿಗೆ ಆ ನಾಲ್ಕು ಮಾತು ಹೇಳದೆ ಸಾಯುವೆನಲ್ಲ ಎಂಬುದೊಂದೇ ಅವನ ಸಂಕಟ. ತೆಂಕಣದ ಇನ್ನೊಂದು ಬಂದರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಬ್ಬ ಯೆಹೂದಿ ಇದ್ದನೇನೋ ನಿಜ. ಆದರೆ ಹೊಳೆಗಳೆಲ್ಲ ಉಕ್ಕಿ ನೆಲದ ದಾರಿ ಕಟ್ಟಿಹೋಗಿತ್ತು. ನೂಲಹುಣ್ಣಿಮೆಗೆ ಕಡಲಿಗೆ ಪೂಜೆಯಾಗುವ ತನಕ ಅಳಿವೆ ದಾಟಿ ದೋಣಿ ಇಳಿಸುವವರು ಇಲ್ಲ. ಅಲ್ಲಿಯವರೆಗೆ ಬರೂಖ ಬದುಕುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು.

ಇದ್ರೂಸ್ ದೋಣಿ ಇಳಿಸಿದ. ತಡೆದವರಿಗೆ, "ನನ್ನ ಹಡಗಿಂದ ಹೋದ ಹುಡುಗ. ಅವನ ಜಾಗ ತುಂಬ್ಸುದು ನನ್ನ ಕೆಲಸ," ಎಂದಷ್ಟೇ ಹೇಳಿ ಹೋದನಂತೆ. ಕೆಲವು ದಿನಗಳ ನಂತರ ಒಂದು ಮಧ್ಯಾಹ್ನ ಅಳಿವೆಯ ಆಚೆ ದೋಣಿ ಕಾಣಿಸಿತು. ಕೂಡಲೇ ಎಂಟು ಮಂದಿ ಬರೂಖನನ್ನು ಹೊತ್ತು ಗುಡ್ಡ ಹತ್ತಿಸಿ ನಡುವಿನ ಕೋಣೆಯಲ್ಲಿ ಮಲಗಿಸಿದರು. ಅವರು ಒಳಗೆ ಹೋದದ್ದೇ ತಡ, ವಾರಗಟ್ಟಲೆ ಮಳೆ ಕುಡಿದಿದ್ದ ಮೂಡಣದ ದರೆ ಕುಸಿದು ಮೆಟ್ಟಿಲು, ಜಗಲಿ ಎಲ್ಲವನ್ನೂ ಹೊಳೆಗೆ ಇಳಿಸಿತು. ಬಾಗಿಲು ತೆರೆದರೆ ಎದುರಿಗೆ ಬರೀ ಪ್ರಪಾತ, ಆ ಕೋಣೆಗೆ ಬೇರೆ ದಾರಿಯಿಲ್ಲ. ಅತ್ತ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ದಡದವರು ಹಗ್ಗ ಬೀಸಿ ಎಳೆದುಕೊಂಡದ್ದು ಒಬ್ಬನನ್ನು ಮಾತ್ರ. ಒಂದು ಹಲಗೆಗೆ ಕಟ್ಟಲಾಗಿದ್ದ ಬಣ್ಣಗಾರನನ್ನು. ಅವನನ್ನು ತೆಂಕಣ ಮೆಟ್ಟಿಲಿನಿಂದ ಹೊತ್ತು ತಂದು ಮಸೀದಿಯಲ್ಲಿ ಕೂರಿಸಿದರು. ಬಾಗಿಲ ಬಳಿ ಇದ್ರೂಸನ ಹೆಂಡತಿ ಸಫೂರಾ ನಿಂತಿದ್ದಳು. ಬಣ್ಣಗಾರ ಅವಳ ಮುಖ ನೋಡಲಾರದೆ, "ಹಲಗೆ ಒಂದೇ ಇತ್ತು, ಅಮ್ಮಾ. ಅವ್ರೇ ನನ್ನ ಕಟ್ಟಿದ್ರು," ಎಂದ.

ಗೋಡೆಯ ಈಚೆ ಹತ್ತನೆಯವನು, ಆಚೆ ಒಂಬತ್ತು ಮಂದಿ. ನಡುವೆ ಮೊಳದಗಲದ ಕಲ್ಲು ಮತ್ತು ಒಂದು ಆಣೆ. ಹಿರಿಯರು ಹೆಗ್ಗಡತಿಯ ಒಪ್ಪಿಗೆ ಬೇಕು ಎಂದರು; ಗೋಡೆ ಒಡೆದರೆ ಮಾಡೇ ಕುಸಿದೀತು ಎಂದರು. ಆಚೆಯಿಂದ ಬರೂಖನ ಕ್ಷೀಣ ದನಿ, ಬಂದನೇ, ಬಂದನೇ ಎಂದು ಕೇಳುತ್ತಲೇ ಇತ್ತು. ಆಗ ಸಫೂರಾ ಒಳಗೆ ಬಂದು ಮೂಲೆಯಲ್ಲಿದ್ದ ಹಾರೆಯನ್ನು ಎತ್ತಿಕೊಂಡಳು. "ಅವ್ರು ಇವನ್ನ ಅಳಿವೆ ದಾಟ್ಸಿದ್ದು ಈ ಗೋಡೆಗೆ ಒರಗ್ಸಿ ಕೂರ್ಸೂಕಲ್ಲ," ಎಂದಳು. ಮೊದಲ ಪೆಟ್ಟು ಅವಳದೇ. ಆಮೇಲೆ ಗಂಡಸರಿಗೆ ನಾಚಿಕೆಯಾಯಿತೋ ಧೈರ್ಯ ಬಂತೋ, ಎಲ್ಲರೂ ಕೈ ಹಾಕಿದರು. ಒಂದು ಆಳು ನುಸುಳುವಷ್ಟು ಕಿಂಡಿಯಾಗುತ್ತಲೇ ಆಚೆಯವರು ಬಣ್ಣಗಾರನನ್ನು ತೋಳು ಹಿಡಿದು ಎಳೆದುಕೊಂಡರು. ಆಗಲೇ ಎದುರಿನ ಗೋಡೆಯಿಂದಲೂ ಪೆಟ್ಟಿನ ಸದ್ದು ಕೇಳಿಸಿತಂತೆ. ಬಡಗಣ ಕೋಣೆಯಲ್ಲಿ ಈಪನ್ ಮತ್ತು ಅವನ ಕಡೆಯವರು, ಯಾರೂ ಹೇಳಿ ಕಳಿಸದೆ, ತಮ್ಮ ಗೋಡೆಯನ್ನು ತಾವೇ ಒಡೆಯುತ್ತಿದ್ದರು. ಎರಡೂ ಗೋಡೆ ಬಾಯ್ಬಿಟ್ಟರೂ ಮೇಲೆ ಮಲಗಿದ್ದ ಹಾಯಿಕಂಬ ಕೂದಲೆಳೆಯಷ್ಟೂ ಅಲುಗಲಿಲ್ಲ. ಇದನ್ನು ಹೇಳುವಾಗ ನಮ್ಮೂರ ಹಿರಿಯರು ಕೈ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ.

ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ. ಮಗನನ್ನು ಕಳೆದುಕೊಂಡವನೂ ಅದರಲ್ಲಿ ಅಳುವಂತಿಲ್ಲ. ಲೋಕವನ್ನು ಸೃಷ್ಟಿಸಿದವನ ಹೆಸರು ದೊಡ್ಡದಾಗಲಿ ಎಂದು ಹೊಗಳುವುದಷ್ಟೇ. ಬರೂಖನನ್ನು ಎತ್ತಿ ನಿಲ್ಲಿಸಿದರು. ಅವನು ಮೊದಲ ಸಾಲು ಮುಗಿಸಿದಾಗ, ಒಂಬತ್ತು ಮಂದಿಯ "ಆಮೆನ್" ಜೊತೆಗೆ ತೆಂಕಣ ಕಿಂಡಿಯಿಂದ "ಆಮೀನ್" ಎಂದೂ ಬಡಗಣ ಕಿಂಡಿಯಿಂದ "ಆಮೇನ್" ಎಂದೂ ದನಿ ಬಂತು. ಭಾಷೆ ತಿಳಿಯದಿದ್ದರೂ ಆ ಒಂದು ಮಾತು ಮೂರೂ ಕಡೆಯವರಿಗೆ ತಿಳಿದಿತ್ತು. ಇಡೀ ಗುಡ್ಡವೇ ಹೂಂಗುಟ್ಟಿದಂತಾಯಿತು ಎನ್ನುತ್ತಾರೆ. ಮುಗಿದ ಮೇಲೆ ಬರೂಖ ತೆಂಕಣ ಕಿಂಡಿಯತ್ತ ತಿರುಗಿ, ಅಲ್ಲಿ ನಿಂತಿದ್ದ ಸಫೂರಾಳನ್ನು ನೋಡಿ, ಮತ್ತೊಮ್ಮೆ ಮೊದಲಿನಿಂದ ಹೇಳಿದ. ಯಾರಿಗಾಗಿ ಎಂದು ಯಾರೂ ಕೇಳಲಿಲ್ಲ. ಮರುದಿನ ಅವನು ತೀರಿಕೊಂಡ. ಮಳೆ ಇಳಿದ ಮೇಲೆ ಹೆಗ್ಗಡತಿ ಬಂದಳು. ಮುರಿದ ಗೋಡೆಗಳನ್ನು ನೋಡಿ, ಇವನ್ನು ಮುಚ್ಚಲೂ ಬೇಡಿ, ಇವಕ್ಕೆ ಕದ ಇಡಲೂ ಬೇಡಿ ಎಂದು ಹೇಳಿ ಹೋದಳಂತೆ.

ಬಂದವರು ಈಗಲೂ ನೋಡಬಹುದು: ಎರಡು ಗೋಡೆಗಳಲ್ಲೂ ಅಂಕುಡೊಂಕಾದ ಕಿಂಡಿ, ಅದರಲ್ಲಿ ಹಾರೆಯ ಗುರುತು. ಹಾದುಹೋಗುವವರ ಭುಜ ಸವರಿ ಸವರಿ ಕಲ್ಲಿನ ಅಂಚು ನುಣುಪಾಗಿದೆ. ಯೆಹೂದಿಗಳು ಊರು ಬಿಟ್ಟು ಎಷ್ಟೋ ತಲೆಮಾರುಗಳಾದವು. ನಡುವಿನ ಕೋಣೆಯನ್ನು ಅಕ್ಕಪಕ್ಕದವರೇ ಗುಡಿಸಿ ಇಡುತ್ತಾರೆ. ಹೋದ ಬೇಸಿಗೆಯಲ್ಲಿ ದೂರದೇಶದ ಯೆಹೂದಿ ಮುದುಕರೊಬ್ಬರು ಒಬ್ಬರೇ ಬಂದಿದ್ದರು. ನಾನೇ ಕರೆದುಕೊಂಡು ಹೋದೆ. ಅವರು ಟೋಪಿ ಹಾಕಿಕೊಂಡು, ಪಡುವಣ ಗೋಡೆಗೆ ಮುಖಮಾಡಿ, ತುಟಿ ಬಿಗಿದುಕೊಂಡು ಸುಮ್ಮನೆ ನಿಂತರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಇಗರ್ಜಿಯ ಕಡೆ ನೆಲ ಒರೆಸುತ್ತಿದ್ದ ಪಾವ್ಲಿನ್‌ಬಾಯಿ ಕೆಲಸ ನಿಲ್ಲಿಸಿ, ಕಿಂಡಿಯ ಬಳಿ ಬಂದು, ಮೆಲ್ಲಗೆ "ಆಮೇನ್" ಎಂದಳು. ಮುದುಕರು ಹೊರಗೆ ಹೋದ ಮೇಲೆ ನಾನು ಕೇಳಿದೆ, "ಅವ್ರು ಎಂತದೂ ಹೇಳ್ಲೇ ಇಲ್ಲ ಅಲ್ದಾ, ಬಾಯೀ?"

"ಹತ್ತು ಜನ ಇಲ್ದೆ ಅವ್ರು ಹೇಂಗೆ ಹೇಳೂದು, ಮಾಸ್ತರೇ?" ಎಂದಳು ಅವಳು, ಮತ್ತೆ ಬಟ್ಟೆ ಹಿಂಡುತ್ತ. "ನಮ್ಮ ಪಾಲಿಂದು ನಾವು ಹೇಳಿ ಇಡ್ಬೇಕು."